ಮೂರು ಮಿಶನ್‌ಗಳು, ಒಂದು ನುಡಿ: ಹತ್ತೊಂಬತ್ತನೆಯ ಶತಮಾನದ ಕನ್ನಡ ಸೀಮೆಯಲ್ಲಿ ಅರಿವಿನ ಕೊಡುಕೊಳೆ

ಕೊಲೊಸ್ಸೆಯ ಸಭೆಗೆ ಬರೆದ ಪತ್ರವನ್ನು ಮುಗಿಸುವಾಗ (4:16) ಅಪೊಸ್ತಲನಾದ ಪೌಲನು ಒಂದು ಸಣ್ಣ ಏರ್ಪಾಡನ್ನು ಮಾಡುತ್ತಾನೆ. ನೆರೆಹೊರೆಯ ಎರಡು ಊರುಗಳ ಸಭೆಗಳು ತಮ್ಮ ಕೈಸೇರಿದ ಪತ್ರಗಳನ್ನು ಓದಿ ಮುಗಿಸಿದ ಮೇಲೆ ಪರಸ್ಪರ ಬದಲಿಸಿಕೊಳ್ಳಬೇಕೆಂಬುದೇ ಆ ಏರ್ಪಾಡು. ವ್ಯಾಖ್ಯಾನಕಾರರು ಸಾಮಾನ್ಯವಾಗಿ ಕಾಣದೆಹೋದ ಲವೊದಿಕೀಯದ ಪತ್ರದ ವಿಷಯದಲ್ಲಿ ಚರ್ಚೆಮಾಡಿ ಮುಂದಕ್ಕೆ ಹೋಗುತ್ತಾರೆ. ನಮ್ಮ ಗಮನವನ್ನು ಸೆಳೆಯುವುದು ಏರ್ಪಾಡಿನ ಸರಳತೆ. ಅಲ್ಲಿ ಹೊಸ ಅಧಿಕಾರಸ್ಥಾನವಿಲ್ಲ, ಸಮಿತಿಯಿಲ್ಲ. ಒಬ್ಬರಲ್ಲಿರುವುದು ಇನ್ನೊಬ್ಬರಿಗೆ ಸಿಕ್ಕಬೇಕು, ಅಷ್ಟೆ. ಬೇರೆ ಬೇರೆ ಆಡಳಿತಕ್ಕೆ ಒಳಪಟ್ಟ ಸಂಸ್ಥೆಗಳು ತಮ್ಮ ಪರಿಣತಿಯನ್ನು ಹಂಚಿಕೊಳ್ಳುವುದನ್ನು ಈಗಿನವರು ಜ್ಞಾನಜಾಲ ಎಂದು ಕರೆಯುತ್ತಾರೆ. ಹೆಸರು ಹೊಸದು, ಕೆಲಸ ಹಳೆಯದು. ಹತ್ತೊಂಬತ್ತನೆಯ ಶತಮಾನದ ಕನ್ನಡ ಸೀಮೆಯಲ್ಲಿ ಲಂಡನ್ ಮಿಶನ್, ವೆಸ್ಲಿಯನ್ ಮಿಶನ್, ಬಾಸೆಲ್ ಮಿಶನ್ ಎಂಬ ಮೂರು ಸಂಸ್ಥೆಗಳ ನಡುವೆ ಅಂಥ ಒಂದು ಜಾಲವು ಹೇಗೆ ಹುಟ್ಟಿತು, ಅದು ಏನನ್ನು ಸಾಧಿಸಿತು, ಯಾರನ್ನು ಹೊರಗಿಟ್ಟಿತು ಎಂಬುದನ್ನು ಈ ಲೇಖನದಲ್ಲಿ ನಾವು ಪರಿಶೀಲಿಸುತ್ತೇವೆ.

ಜಾಲವಿಲ್ಲದಿದ್ದಾಗ ಏನಾಯಿತೆಂಬುದರಿಂದ ಆರಂಭಿಸುವುದು ಲೇಸು. 1810ರಲ್ಲಿ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಅವರು ಬಳ್ಳಾರಿಗೆ ಬಂದಾಗ ಅಚ್ಚಾದ ಒಂದು ಕನ್ನಡ ವ್ಯಾಕರಣವೂ ಇರಲಿಲ್ಲ. ಪಂಡಿತರ ಬಾಯಿಂದ ಕೇಳಿ, ಬರೆದು, ತಿದ್ದಿ ಅವರು ಭಾಷೆಯನ್ನು ಕಲಿತರು; ಕಲಿಯುತ್ತಲೇ ಸುವಾರ್ತೆಗಳ ಭಾಷಾಂತರಕ್ಕೆ ಕೈಹಾಕಿದರು. ಅದೇ ವರುಷಗಳಲ್ಲಿ ದೂರದ ಬಂಗಾಳದ ಸೆರಾಂಪುರದಲ್ಲಿ ವಿಲಿಯಂ ಕೇರಿ ಮತ್ತು ಸಂಗಡಿಗರು ಹಲವು ಭಾರತೀಯ ಭಾಷೆಗಳ ಜೊತೆಗೆ ಕನ್ನಡಕ್ಕೂ ಹೊಸ ಒಡಂಬಡಿಕೆಯನ್ನು ತರುತ್ತಿದ್ದರು. 1812ರ ಬೆಂಕಿಯಲ್ಲಿ ಅಲ್ಲಿಯ ಮುದ್ರಣಾಲಯದ ಅಚ್ಚುಗಳೂ ಹಸ್ತಪ್ರತಿಗಳೂ ಬಹುಮಟ್ಟಿಗೆ ಸುಟ್ಟುಹೋದರೂ ಕೆಲಸ ನಿಲ್ಲಲಿಲ್ಲ. 1817ರಲ್ಲಿ ಕೇರಿಯವರ ಕನ್ನಡ ವ್ಯಾಕರಣವೂ 1823ರಲ್ಲಿ ಸೆರಾಂಪುರದ ಕನ್ನಡ ಹೊಸ ಒಡಂಬಡಿಕೆಯೂ ಹೊರಬಂದವು. ಬಳ್ಳಾರಿಯ ಹೊಸ ಒಡಂಬಡಿಕೆಯೂ ಇಪ್ಪತ್ತರ ದಶಕದ ಆರಂಭದಲ್ಲಿಯೇ ಸಿದ್ಧವಾಗಿತ್ತು. ಒಂದೇ ಗ್ರಂಥಕ್ಕೆ, ಒಂದೇ ಭಾಷೆಗೆ, ಒಂದೇ ಹತ್ತು ವರುಷಗಳಲ್ಲಿ ಎರಡು ಭಾಷಾಂತರಗಳು! ಸೆರಾಂಪುರದವರ ಬಳಿ ಅಚ್ಚಿನ ವಿದ್ಯೆಯೂ ಭಾಷಾಂತರದ ಅನುಭವವೂ ಹೇರಳವಾಗಿದ್ದವು, ಆದರೆ ಕಿವಿಗೆ ಬೀಳುವ ಕನ್ನಡವಿರಲಿಲ್ಲ. ಬಳ್ಳಾರಿಯಲ್ಲಿ ಆಡುವ ಕನ್ನಡವು ಸುತ್ತಲೂ ಇತ್ತು, ಉಪಕರಣಗಳಿರಲಿಲ್ಲ. ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬಬಹುದಾಗಿತ್ತು. ಅದು ಆಗಲಿಲ್ಲ. ಸೆರಾಂಪುರದ ಕನ್ನಡ ಭಾಷಾಂತರವು ಸಭೆಗಳಲ್ಲಿ ನೆಲೆನಿಲ್ಲಲಿಲ್ಲ. 1831ರಲ್ಲಿ ಪೂರ್ಣಗೊಂಡ ಬಳ್ಳಾರಿಯ ಸತ್ಯವೇದವೇ ಮುಂದಿನ ಪರಿಷ್ಕರಣಗಳಿಗೆಲ್ಲ ಮೂಲವಾಯಿತು.

ಕನ್ನಡ ಸೀಮೆಯ ಆಗಿನ ಸ್ಥಿತಿಯನ್ನು ಇಲ್ಲಿ ನೆನಪಿಗೆ ತಂದುಕೊಳ್ಳಬೇಕು. ಬಳ್ಳಾರಿ ಮತ್ತು ಕನ್ನಡ ಜಿಲ್ಲೆಗಳು ಮದ್ರಾಸ್ ಆಧಿಪತ್ಯಕ್ಕೆ ಸೇರಿದ್ದವು; ಧಾರವಾಡ, ಬೆಳಗಾವಿಗಳು ಮುಂಬಯಿಗೆ; ಮೈಸೂರು ಒಂದು ಸಂಸ್ಥಾನ; ಬೀದರ, ಕಲಬುರ್ಗಿಗಳು ನಿಜಾಮರವು; ಕೊಡಗು ಬೇರೆ. ಕಚೇರಿಯ ಭಾಷೆ ಒಂದೊಂದು ಕಡೆ ಒಂದೊಂದು. ಒಂದು ಸೀಮೆಯವರ ಮಾತಿನ ಧಾಟಿ ಇನ್ನೊಂದು ಸೀಮೆಯವರಿಗೆ ನಗೆಯ ವಸ್ತು. ಮಿಶನ್‌ಗಳೂ ಇದೇ ಗೆರೆಗಳ ಮೇಲೆ ಹಂಚಿಹೋಗಿದ್ದವು. ಲಂಡನ್ ಮಿಶನ್ ಬಳ್ಳಾರಿ, ಬೆಳಗಾವಿ ಮತ್ತು ಬೆಂಗಳೂರಿನಲ್ಲಿ; ವೆಸ್ಲಿಯನ್ನರು ಬೆಂಗಳೂರು, ಗುಬ್ಬಿ, ತುಮಕೂರು, ಮೈಸೂರುಗಳಲ್ಲಿ; 1834ರಲ್ಲಿ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರನ್ನು ಕಳುಹಿಸಿ ಮಂಗಳೂರಿನಲ್ಲಿ ನೆಲೆಯೂರಿದ ಬಾಸೆಲ್ ಮಿಶನ್ ಬಳಿಕ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲಿ. ಕನ್ನಡವನ್ನೆಲ್ಲ ಬಲ್ಲ ಮಿಶನ್ ಒಂದೂ ಇರಲಿಲ್ಲ. ಪ್ರತಿಯೊಂದಕ್ಕೂ ಗೊತ್ತಿದ್ದುದು ಒಂದು ತುಂಡು ಕನ್ನಡ. ಆದಕಾರಣ ಹಂಚಿಕೊಳ್ಳುವುದು ಇವರ ಪಾಲಿಗೆ ಔದಾರ್ಯದ ಮಾತಾಗಿರಲಿಲ್ಲ, ಅಗತ್ಯವಾಗಿತ್ತು.

ಈ ಅಗತ್ಯವು ಮೊದಲು ಎದ್ದುಕಂಡದ್ದು ಒಂದು ಪತ್ರಿಕೆಯ ವಿಷಯದಲ್ಲಿ. 1843ರ ಜುಲೈ 1ರಂದು ಹೆರ್ಮನ್ ಮೋಗ್ಲಿಂಗ್ ಅವರು ‘ಮಂಗಳೂರ ಸಮಾಚಾರ’ವನ್ನು ಹೊರತಂದರು. ಕನ್ನಡದ ಮೊದಲ ವಾರ್ತಾಪತ್ರಿಕೆಯೆಂದು ಎಲ್ಲರೂ ಅದನ್ನು ಬಲ್ಲರು. ಅದು ಕಲ್ಲಚ್ಚಿನಲ್ಲಿ ಮುದ್ರಿತವಾಗುತ್ತಿತ್ತೆಂಬುದಕ್ಕೆ ಮಾತ್ರ ಅಷ್ಟು ಗಮನ ಸಿಕ್ಕಿಲ್ಲ. ಕಲ್ಲಚ್ಚಿನಲ್ಲಿ ಬರಹಗಾರನು ಜಿಡ್ಡಿನ ಮಸಿಯಿಂದ ಬರೆದುದನ್ನು ಕಲ್ಲಿನ ಮೇಲೆ ಇಳಿಸಿ, ಕಲ್ಲನ್ನು ಒದ್ದೆಮಾಡಿ, ಮಸಿ ಸವರಿ ಪ್ರತಿ ತೆಗೆಯುತ್ತಾರೆ. ಕನ್ನಡದಂಥ ಲಿಪಿಗೆ ಇದರಿಂದ ಒಂದು ದೊಡ್ಡ ಅನುಕೂಲವಿದೆ. ಗುಣಿತಾಕ್ಷರ, ಒತ್ತಕ್ಷರಗಳಿಗೆಂದು ನೂರಾರು ಅಚ್ಚುಮೊಳೆಗಳನ್ನು ಎರೆಯಿಸಬೇಕಾಗಿಲ್ಲ. ಒಳ್ಳೆಯ ಕೈಬರಹದ ಒಬ್ಬನು ಸಾಕು. ಅನನುಕೂಲವೂ ಇದೆ: ಕಲ್ಲು ಬೇಗ ಮಸುಕಾಗುತ್ತದೆ, ಪ್ರತಿಗಳ ಸಂಖ್ಯೆ ಏರುವುದಿಲ್ಲ. ಘಟ್ಟದ ಮೇಲಿನ ಊರುಗಳಿಂದಲೂ ಓದುಗರು ಪತ್ರಿಕೆಯನ್ನು ಕೇಳತೊಡಗಿದಾಗ ಮಂಗಳೂರಿನ ಕಲ್ಲಿಗೆ ಅದನ್ನು ಹೊರಲಾಗಲಿಲ್ಲ. ಮೋಗ್ಲಿಂಗರು ಆಗ ಕೈಗೊಂಡ ನಿರ್ಧಾರವು ಇಂದಿನ ಸಂಸ್ಥಾಪಕರಿಗೆ ವಿಚಿತ್ರವಾಗಿ ಕಂಡೀತು. ಎಂಟು ತಿಂಗಳಷ್ಟೇ ನಡೆದಿದ್ದ ಪತ್ರಿಕೆಯನ್ನು ಅವರು 1844ರಲ್ಲಿ ಅಚ್ಚುಮೊಳೆಗಳಿದ್ದ ಬಳ್ಳಾರಿಯ ಮುದ್ರಣಾಲಯಕ್ಕೆ, ಅಂದರೆ ಬೇರೊಂದು ಮಿಶನ್ನಿನ ಮನೆಗೆ ಸಾಗಿಸಿದರು. ಹೆಸರಿನಿಂದ ‘ಮಂಗಳೂರ’ ಎಂಬುದನ್ನು ಕಳಚಿ ‘ಕನ್ನಡ ಸಮಾಚಾರ’ ಎಂದು ಕರೆದರು. ಊರಿನ ಹೆಸರು ಹೋಗಿ ನುಡಿಯ ಹೆಸರು ಬಂತು. ಬಾಸೆಲಿನವರ ಪತ್ರಿಕೆ ಲಂಡನ್ನಿನವರ ಅಚ್ಚುಕೂಟದಲ್ಲಿ ಹೊರಡುವುದರಿಂದ ಯಾರ ಕೀರ್ತಿ ಕುಂದೀತೆಂಬ ಲೆಕ್ಕಾಚಾರವು ಈ ನಿರ್ಧಾರದಲ್ಲಿ ನಮಗೆ ಕಾಣಸಿಗುವುದಿಲ್ಲ.

ಮೋಗ್ಲಿಂಗರ ಇನ್ನೊಂದು ಕೆಲಸವು ಇದಕ್ಕಿಂತ ದೊಡ್ಡದು. 1847ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಸೆಮಿನರಿಯಲ್ಲಿ ಉಪದೇಶಿಗಳಾಗುವವರಿಗೆ ಕನ್ನಡ ಕಾವ್ಯವನ್ನು ಕಲಿಸಬೇಕೆಂಬುದು ಅವರ ಹಟವಾಗಿತ್ತು. ಜನರು ಹಾಡುವುದನ್ನೂ ಕೇಳುವುದನ್ನೂ ಅರಿಯದವನು ಅವರ ಮುಂದೆ ನಿಂತು ಮಾತನಾಡಲಾರನೆಂದು ಅವರು ಬಗೆದಿದ್ದರು. ಆದರೆ ಕಲಿಸಲು ಪುಸ್ತಕಗಳೆಲ್ಲಿ? ಕಾವ್ಯಗಳು ಮಠಗಳಲ್ಲಿ, ಶಾನುಭೋಗರ ಮನೆಗಳಲ್ಲಿ, ಪಂಡಿತರ ಅಟ್ಟಗಳಲ್ಲಿ ಓಲೆಗರಿಗಳ ಕಟ್ಟುಗಳಾಗಿ ಮಲಗಿದ್ದವು. ಹಣವೂ ಇರಲಿಲ್ಲ, ಬಸವ ಪುರಾಣವನ್ನು ಅಚ್ಚುಹಾಕಿಸಲು ಕಾಣಿಕೆಯನ್ನು ವೆಚ್ಚಮಾಡುವುದೆಂದರೆ ಯುರೋಪಿನ ದಾನಿಗಳಿಗೆ ಏನೆಂದು ವಿವರಿಸುವುದು? ನೀಲಗಿರಿಯ ಕೇತಿಯಲ್ಲಿ ನೆಲೆಸಿದ್ದ ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರ್ ಅವರು ಆ ವೆಚ್ಚವನ್ನು ವಹಿಸಲು ಮುಂದೆಬಂದರು. 1848ರಿಂದ 1853ರ ವರೆಗೆ ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಎಂಬ ಮಾಲೆಯಲ್ಲಿ ಜೈಮಿನಿ ಭಾರತ, ತೊರವೆ ರಾಮಾಯಣ, ಬಸವ ಪುರಾಣ, ಚೆನ್ನಬಸವ ಪುರಾಣ, ದಾಸರ ಪದಗಳು ಮೊದಲಾದವು ಮಂಗಳೂರಿನ ಕಲ್ಲಚ್ಚಿನಿಂದ ಹೊರಬಂದವು. ಕ್ಯಾಸಮೇಜರ್ 1849ರಲ್ಲಿಯೇ ತೀರಿಹೋದರೂ ಮಾಲೆ ನಿಲ್ಲಲಿಲ್ಲ.

ಈ ಮಾಲೆಯ ಬಳಕೆಯನ್ನು ಹಿಂಬಾಲಿಸಿದರೆ ಜಾಲದ ನಡೆ ತಿಳಿಯುತ್ತದೆ. ಮಂಗಳೂರಿನಲ್ಲಿ ಜೈಮಿನಿ ಭಾರತವು ಅಚ್ಚಾಯಿತು. 1852ರಲ್ಲಿ ವೆಸ್ಲಿಯನ್ ಮಿಶನ್ನಿನ ಡ್ಯಾನಿಯಲ್ ಸ್ಯಾಂಡರ್ಸನ್ ಅದೇ ಕಾವ್ಯಕ್ಕೆ ಇಂಗ್ಲಿಷ್ ಅನುವಾದವನ್ನೂ ಟಿಪ್ಪಣಿಗಳನ್ನೂ ಕೂಡಿಸಿ ಬೆಂಗಳೂರಿನಿಂದ ಹೊರತಂದರು. ಬಸವ ಪುರಾಣ, ಚೆನ್ನಬಸವ ಪುರಾಣಗಳನ್ನು ಬಾಸೆಲಿನ ವ್ಯೂರ್ತ್ ಅವರು ಇಂಗ್ಲಿಷಿಗೆ ತಂದರು. ಅವು ಮುಂಬಯಿಯ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಬೆಳಕು ಕಂಡವು. ದಾಸರ ಪದಗಳನ್ನು ಮೋಗ್ಲಿಂಗರು ಜರ್ಮನಿಗೆ ಅನುವಾದಿಸಿ ಜರ್ಮನ್ ಪೌರ್ವಾತ್ಯ ಸಂಘದ ಪತ್ರಿಕೆಗೆ ಕಳುಹಿಸಿದರು. ಓಲೆಗರಿಯ ಒಂದು ಕಟ್ಟು ಹೀಗೆ ಮಂಗಳೂರು, ಬೆಂಗಳೂರು, ಮುಂಬಯಿ, ಲೈಪ್ಸಿಗ್‌ಗಳವರೆಗೆ ಹೋಯಿತು. ಇವರ ಉದ್ದೇಶವು ಶುದ್ಧ ಸಾಹಿತ್ಯಪ್ರೇಮವಾಗಿತ್ತೆಂದು ನಾವು ಹೇಳುವುದಿಲ್ಲ. ವಾದಕ್ಕೆ ಸಾಮಗ್ರಿ ಬೇಕಾಗಿತ್ತು. ಎದುರಾಳಿಯ ಗ್ರಂಥವನ್ನು ಓದಿಕೊಂಡು ವಾದಿಸಬೇಕೆಂಬ ಎಣಿಕೆಯೂ ಅದರಲ್ಲಿತ್ತು. ಆದರೂ ಒಮ್ಮೆ ಅಚ್ಚಾದ ಪುಸ್ತಕವು ಅಚ್ಚುಹಾಕಿಸಿದವನ ಉದ್ದೇಶಕ್ಕೆ ಕಟ್ಟುಬಿದ್ದಿರುವುದಿಲ್ಲ. ಕಾವ್ಯಗಳನ್ನು ಓದಿದವರೆಲ್ಲ ಮಿಶನ್ನಿನವರಾಗಿರಲಿಲ್ಲ.

ಜಾಲದ ಗಂಟು ಎಂದು ಒಬ್ಬರನ್ನು ಹೆಸರಿಸಬೇಕಾದರೆ ನಾವು ಮೋಗ್ಲಿಂಗರಿಗಿಂತ ಮೊದಲು ಗಾಟ್‌ಫ್ರೀಡ್ ವೈಗ್ಲೆಯವರನ್ನು ಹೆಸರಿಸುತ್ತೇವೆ. ಮೋಗ್ಲಿಂಗರ ಬಂಧುವಾದ ಇವರ ಹೆಸರು ನಮ್ಮ ಸಭಾಚರಿತ್ರೆಯ ಪಾಠಗಳಲ್ಲಿ ಒಂದೆರಡು ವಾಕ್ಯಗಳಲ್ಲಿ ಮುಗಿದುಹೋಗುತ್ತದೆ. ಹ್ಯಾಂಡ್ಸ್ ಅವರ ಸತ್ಯವೇದವು ಬಳಕೆಗೆ ಬಂದ ಮೇಲೆ ಅದರ ಬಿಗುವೂ ತೊಡಕೂ ಎಲ್ಲ ಮಿಶನ್‌ಗಳ ಅನುಭವಕ್ಕೆ ಬಂದವು. ಅದನ್ನು ಪರಿಷ್ಕರಿಸಬೇಕೆಂದಾಗ ಯಾರು ಮಾಡಬೇಕು? ಲಂಡನ್ ಮಿಶನ್ನಿನ ಗ್ರಂಥವನ್ನು ಬಾಸೆಲ್ ಮಿಶನ್ನಿನ ವೈಗ್ಲೆಯವರು ಸತ್ಯವೇದ ಸಂಘದ ಆಶ್ರಯದಲ್ಲಿ ತಿದ್ದಿದರು. 1848ರಲ್ಲಿ ಅವರು ಕನ್ನಡ ಭಾಷೆ ಮತ್ತು ಸಾಹಿತ್ಯವನ್ನು ಕುರಿತು ಜರ್ಮನ್ ಪೌರ್ವಾತ್ಯ ಸಂಘದ ಪತ್ರಿಕೆಯಲ್ಲಿ ಬರೆದ ಪ್ರಬಂಧವು ಯುರೋಪಿನ ವಿದ್ವಾಂಸರಿಗೆ ನಮ್ಮ ಸಾಹಿತ್ಯದ ಪರಿಚಯವನ್ನು ಮಾಡಿಕೊಟ್ಟ ಮೊದಲ ಬರಹಗಳಲ್ಲಿ ಒಂದು. 1849ರಲ್ಲಿ ಬೆಂಗಳೂರಿನ ವೆಸ್ಲಿಯನ್ ಮುದ್ರಣಾಲಯದಿಂದ ಜಾನ್ ಗ್ಯಾರೆಟ್ ಅವರು ಭಗವದ್ಗೀತೆಯನ್ನು ಸಂಸ್ಕೃತ, ಕನ್ನಡ, ಇಂಗ್ಲಿಷ್‌ಗಳಲ್ಲಿ ಹೊರತಂದಾಗ ಅದಕ್ಕೆ ಗೀತೆಯನ್ನು ಕುರಿತ ವಿಲ್ಹೆಲ್ಮ್ ಫಾನ್ ಹಂಬೋಲ್ಟರ ಜರ್ಮನ್ ಪ್ರಬಂಧವನ್ನು ಇಂಗ್ಲಿಷಿಗೆ ಭಾಷಾಂತರಿಸಿಕೊಟ್ಟವರೂ ವೈಗ್ಲೆಯವರೇ. ಒಂದು ಕ್ಷಣ ಈ ಪುಸ್ತಕದ ಮುಂದೆ ನಿಲ್ಲೋಣ. ಪ್ರಷ್ಯದ ತತ್ತ್ವಜ್ಞಾನಿಯೊಬ್ಬನ ಪ್ರಬಂಧ, ಬಾಸೆಲ್ ಮಿಶನ್ನಿನ ಭಾಷಾಂತರಕಾರ, ಇಂಗ್ಲಿಷ್ ಮೆಥೊಡಿಸ್ಟ್ ಸಂಪಾದಕ, ಬೆಂಗಳೂರಿನ ಅಚ್ಚುಮೊಳೆ ಜೋಡಿಸುವವರು, ನಡುವೆ ಗೀತೆ! ಇಂಥ ಸಹಕಾರವನ್ನು ಯಾವ ಸಂಸ್ಥೆಯ ನಿಯಮಾವಳಿಯೂ ಮುಂಗಂಡಿರಲಿಲ್ಲ.

ವೈಗ್ಲೆಯವರು 1855ರಲ್ಲಿ ಮಂಗಳೂರಿನಲ್ಲಿ ತೀರಿಕೊಂಡರು. ಅವರಿಗೆ ನಲವತ್ತೂ ತುಂಬಿರಲಿಲ್ಲ.

ಈ ಎಲ್ಲ ಕೆಲಸಗಳಲ್ಲಿ ಒಂದು ಸಂಗತಿ ಸಮಾನವಾಗಿದೆ. ಇವು ನಡೆದದ್ದು ಮೇಲಿನವರ ಆಜ್ಞೆಯಿಂದಲ್ಲ. ಸ್ನೇಹ, ಪತ್ರವ್ಯವಹಾರ, ಹಸ್ತಪ್ರತಿಗಳ ಎರವಲು, ಒಬ್ಬ ದಾನಿಯ ಒಲವು ಇವುಗಳಿಂದ. ಬಾಸೆಲಿನ ಆಡಳಿತಕ್ಕೆ ಇದರ ಬಗೆಗೆ ಒಂದು ಕಳವಳವಿತ್ತು. 1850ರಲ್ಲಿ ಇನ್‌ಸ್ಪೆಕ್ಟರರಾದ ಯೋಸೆನ್‌ಹಾನ್ಸ್ ಅವರು 1851-52ರಲ್ಲಿ ಭಾರತಕ್ಕೆ ಬಂದು ಠಾಣ್ಯಗಳನ್ನೆಲ್ಲ ನೋಡಿ, ಆಡಳಿತವನ್ನು ಬಿಗಿಗೊಳಿಸಿದರು. ಯಾರು ಯಾರಿಗೆ ವರದಿ ಒಪ್ಪಿಸಬೇಕು, ಯಾವ ವೆಚ್ಚಕ್ಕೆ ಯಾರ ಅಪ್ಪಣೆ ಬೇಕು ಎಂಬುದೆಲ್ಲ ನಿಯಮಕ್ಕೆ ಒಳಪಟ್ಟಿತು. ಮೋಗ್ಲಿಂಗರಿಗೂ ಸಮಿತಿಗೂ ತಿಕ್ಕಾಟವಾದದ್ದು ಇದೇ ಕಾಲದಲ್ಲಿ. ಕೊಡಗಿನ ಕೆಲಸಕ್ಕೆ ಅವರು ಅಪ್ಪಣೆಗೆ ಕಾಯದೆ ಹೊರಟುಬಿಟ್ಟರು. ಯೋಸೆನ್‌ಹಾನ್ಸರನ್ನು ದೂರುವುದು ಸುಲಭ. ಆದರೆ ನ್ಯಾಯವಾಗಿ ನೋಡಿದರೆ, ಬಿಗಿಯಾದ ಆಡಳಿತವಿಲ್ಲದೆ ಮಂಗಳೂರಿನ ಮುದ್ರಣಾಲಯವಾಗಲಿ, ಶಾಲೆಗಳಾಗಲಿ, ಕಾರ್ಖಾನೆಗಳಾಗಲಿ ಮುಂದಿನ ಅರ್ಧ ಶತಮಾನವನ್ನು ಕಾಣುತ್ತಿದ್ದವೆಂದು ನಾವು ನಂಬಲಾರೆವು. ಸ್ನೇಹದಿಂದ ಹುಟ್ಟಿದ ಜಾಲವು ಸ್ನೇಹಿತರು ಸತ್ತಾಗ ಸಾಯುತ್ತದೆ. ಅಚ್ಚುಕೂಟ, ನಿಘಂಟು, ಗ್ರಂಥಭಂಡಾರಗಳಂಥ ಗಟ್ಟಿಯಾದ ವಸ್ತುಗಳಲ್ಲಿ ಅದು ಮೈದಾಳಿದರೆ ಉಳಿಯುತ್ತದೆ. ಅಂಥ ವಸ್ತುಗಳಿಗೆ ಸಂಸ್ಥೆ ಬೇಕು. ನಿಯಮವೂ ಬೇಕು.

ನಿಘಂಟಿನ ಕಥೆಯು ಇದಕ್ಕೆ ಒಳ್ಳೆಯ ನಿದರ್ಶನ. ಲಂಡನ್ ಮಿಶನ್ನಿನ ವಿಲಿಯಂ ರೀವ್ ಅವರು 1824ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟನ್ನೂ 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನೂ ಮದ್ರಾಸಿನಲ್ಲಿ ಪ್ರಕಟಿಸಿದರು. ಎರಡನೆಯದನ್ನು ವೆಸ್ಲಿಯನ್ ಸ್ಯಾಂಡರ್ಸನ್ನರು ತಿದ್ದಿ, ಹಿಗ್ಗಿಸಿ 1858ರಲ್ಲಿ ಬೆಂಗಳೂರಿನಲ್ಲಿ ಅಚ್ಚುಹಾಕಿಸಿದರು. ಪುಸ್ತಕದ ಮೇಲೆ ರೀವರ ಹೆಸರನ್ನು ಅವರು ಉಳಿಸಿಕೊಂಡದ್ದು ಗಮನಿಸತಕ್ಕದ್ದು. ಮೂರನೆಯ ಹೆಜ್ಜೆಯನ್ನು ಇಟ್ಟವರು ಬಾಸೆಲಿನ ಫರ್ಡಿನಾಂಡ್ ಕಿಟೆಲ್. 1853ರಲ್ಲಿ ಭಾರತಕ್ಕೆ ಬಂದ ಕಿಟೆಲರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಹೊರಬಂತು. ಅದರಲ್ಲಿ ಸುಮಾರು 70,000 ಶಬ್ದಗಳಿವೆ. ಮೂರು ಮಿಶನ್‌ಗಳ ಕೈದಾಟಿ ಎಪ್ಪತ್ತು ವರುಷ ಬೆಳೆದ ಒಂದೇ ಗಿಡವೆಂದು ಇದನ್ನು ನೋಡಬೇಕು. ಒಬ್ಬ ಅಸಾಧಾರಣ ಪುರುಷನ ಸಾಹಸವೆಂದಷ್ಟೇ ಕೊಂಡಾಡುವ ನಮ್ಮ ವಾಡಿಕೆಯಿಂದ ಕಿಟೆಲರ ಹಿರಿಮೆ ಹೆಚ್ಚುವುದಿಲ್ಲ, ಕೆಲಸದ ಸ್ವರೂಪ ಮಾತ್ರ ಮರೆಯಾಗುತ್ತದೆ.

ನಿಘಂಟಿನ ಒಳಗಡೆಯೂ ಜಾಲವಿದೆ. ಯಾವುದೇ ಪುಟವನ್ನು ತೆರೆದರೂ ಶಬ್ದಗಳ ಪಕ್ಕದಲ್ಲಿ ಸಂಕೇತಾಕ್ಷರಗಳು ಕಾಣುತ್ತವೆ: ಇದು ಶಬ್ದಮಣಿದರ್ಪಣದ ಪ್ರಯೋಗ, ಇದು ಬಸವ ಪುರಾಣದ್ದು, ಇದು ಗಾದೆ, ಇದು ಮೈಸೂರು ಸೀಮೆಯ ಬಳಕೆ, ಇದು ಧಾರವಾಡದ ಕಡೆಯದು. ಆಡಳಿತದಲ್ಲಿ ಹರಿದು ಹಂಚಿಹೋಗಿದ್ದ ಸೀಮೆಗಳು 1956ಕ್ಕೆ ಅರವತ್ತೆರಡು ವರುಷ ಮೊದಲೇ ಒಂದು ಪುಸ್ತಕದಲ್ಲಿ ಪಕ್ಕಪಕ್ಕದಲ್ಲಿ ಕುಳಿತವು. ಕಿಟೆಲರು 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ 1875ರಲ್ಲಿ ನಾಗವರ್ಮನ ಛಂದಸ್ಸನ್ನೂ ಸಂಪಾದಿಸಿದ್ದರಿಂದಲೇ ಹಳಗನ್ನಡದ ಪ್ರಯೋಗಗಳನ್ನು ಕೊಡುವುದು ಸಾಧ್ಯವಾಯಿತು. ಮಲಯಾಳದಲ್ಲಿ ಅವರದೇ ಮಿಶನ್ನಿನ ಗುಂಡರ್ಟ್ ಅವರ ನಿಘಂಟು 1872ರಲ್ಲಿ ಮಂಗಳೂರಿನಲ್ಲಿಯೇ ಅಚ್ಚಾಗಿತ್ತು. ದ್ರಾವಿಡ ಭಾಷೆಗಳ ಮೂಲಧಾತುಗಳ ಬಗೆಗೆ ಇವರಿಬ್ಬರು ಬರೆದುದನ್ನು ಆಂಗ್ಲಿಕನ್ ಸಭೆಯ ಕಾಲ್ಡ್‌ವೆಲ್ ಅವರು 1875ರಲ್ಲಿ ತಮ್ಮ ತೌಲನಿಕ ವ್ಯಾಕರಣವನ್ನು ಮರುಮುದ್ರಿಸುವಾಗ ಉಪಯೋಗಿಸಿಕೊಂಡರು. ಇಷ್ಟೆಲ್ಲ ಕೊಡುಕೊಳೆಯ ನಡುವೆಯೂ ಕಿಟೆಲರು ತಮ್ಮ ಸಹೋದ್ಯೋಗಿಗಳ ನಡುವೆ ಬಹುಮಟ್ಟಿಗೆ ಒಂಟಿಯಾಗಿದ್ದರು ಎಂಬುದನ್ನೂ ಹೇಳಬೇಕು. ಉಪದೇಶಕ್ಕೆ ಬಂದವನು ಪದಗಳನ್ನು ಹೆಕ್ಕುತ್ತ ಕುಳಿತಿದ್ದಾನೆಂಬ ಅಸಮಾಧಾನ ಅವರ ಬೆನ್ನಿಗಿತ್ತು. ಸಂಸ್ಥೆಯ ಹೊರಗೆ ಆತ್ಮೀಯನಾದವನು ಸಂಸ್ಥೆಯ ಒಳಗೆ ಪರಕೀಯನಾಗುವುದು ಇಂಥ ಜಾಲಗಳಲ್ಲಿ ಅಪರೂಪವಲ್ಲ.

ಇನ್ನು ಕಷ್ಟದ ಪ್ರಶ್ನೆಗೆ ಬರುತ್ತೇವೆ. ಈ ಜಾಲದಲ್ಲಿ ಹರಿದ ಅರಿವು ಯಾರದು? ಹ್ಯಾಂಡ್ಸ್ ಅವರಿಗೆ ಕನ್ನಡವನ್ನು ಕಲಿಸಿದ ಪಂಡಿತರು, ಮೋಗ್ಲಿಂಗರಿಗೆ ಓಲೆಗರಿಗಳನ್ನು ಓದಿ ಅರ್ಥ ಹೇಳಿದವರು, ಕಲ್ಲಚ್ಚಿಗೆ ಸುಂದರವಾಗಿ ಬರೆದುಕೊಟ್ಟ ಲಿಪಿಕಾರರು, ಕಿಟೆಲರಿಗೆ ವರುಷಗಟ್ಟಲೆ ಶಬ್ದಾರ್ಥಗಳನ್ನು ಬಿಡಿಸಿದ ಶೈವ, ವೈಷ್ಣವ, ಜೈನ ವಿದ್ವಾಂಸರು ಇವರೇ ಅದರ ಬುಗ್ಗೆ. ಮಿಶನ್ನಿನ ವರದಿಗಳಲ್ಲಿ ಅವರು ಬಹುತೇಕವಾಗಿ ‘ಮುನ್ಷಿ’ ಎಂಬ ಒಂದೇ ಪದದೊಳಗೆ ಅಡಗಿಹೋಗಿದ್ದಾರೆ. ಗಾದೆಗಳನ್ನು ಹೇಳಿಕೊಟ್ಟ ಅಜ್ಜಿಯರಿಗಂತೂ ಆ ಪದವೂ ಇಲ್ಲ. ಮಿಶನರಿಗಳ ನಡುವಿನ ಕೊಡುಕೊಳೆಯು ಸಮಾನರ ಕೊಡುಕೊಳೆಯಾಗಿತ್ತು: ಪತ್ರಕ್ಕೆ ಉತ್ತರ, ಪುಸ್ತಕಕ್ಕೆ ಕೃತಜ್ಞತೆ. ಮಿಶನರಿಗೂ ಪಂಡಿತನಿಗೂ ನಡುವೆ ಇದ್ದುದು ಸಂಬಳದ ಸಂಬಂಧ. ಸಂಬಳ ಕೊಟ್ಟ ಮೇಲೆ ಹೆಸರನ್ನು ಕೊಡಬೇಕಾಗಿಲ್ಲವೆಂಬ ಭಾವನೆ ಆ ಕಾಲಕ್ಕೆ ಸಹಜವಾಗಿ ತೋರಿರಬಹುದು. ಸಭಾಚರಿತ್ರೆಯನ್ನು ಇಂದು ಬರೆಯುವ ನಮಗೆ ಅದು ಸಹಜವಾಗಿ ತೋರಬಾರದು.

ಒಂದು ಅಪವಾದವಿದೆ, ಆದರೆ ಅದು ನಿಯಮವನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. 1844ರ ಜನವರಿಯಲ್ಲಿ ಮಂಗಳೂರಿನಲ್ಲಿ ದೀಕ್ಷಾಸ್ನಾನ ಹೊಂದಿದ ಆನಂದರಾವ್ ಕೌಂಡಿನ್ಯರು ಹೆರ್ಮನ್ ಎಂಬ ಹೆಸರನ್ನೂ ತಾಳಿ, 1846ರಿಂದ 1851ರ ವರೆಗೆ ಬಾಸೆಲಿನಲ್ಲಿ ಅಭ್ಯಾಸಮಾಡಿ, ಬೋಧಕದೀಕ್ಷೆ ಪಡೆದು ಹಿಂದಿರುಗಿದರು. ಮಂಗಳೂರಿನ ಸೆಮಿನರಿಯಲ್ಲಿ ಕಲಿಸಿದರು. ಕೊಡಗಿನ ಆನಂದಪುರಕ್ಕೆ ಅವರ ಹೆಸರೇ ಉಳಿದಿದೆ. ಅವರು ಜಾಲದ ಒಳಗಿನವರಾದರು, ನಿಜ. ಅದಕ್ಕಾಗಿ ಅವರು ಸಮುದ್ರವನ್ನು ದಾಟಬೇಕಾಯಿತು, ಜರ್ಮನ್ ಕಲಿಯಬೇಕಾಯಿತು, ಮನೆಮಾರನ್ನು ಬಿಡಬೇಕಾಯಿತು. ಮಂಗಳೂರಿನಲ್ಲಿಯೇ ಉಳಿದು ತನ್ನ ಮತದಲ್ಲಿಯೇ ನಡೆದ ಪಂಡಿತನಿಗೆ ಆ ಬಾಗಿಲು ತೆರೆದಿರಲಿಲ್ಲ.

ಇದಕ್ಕೆ ವ್ಯತಿರಿಕ್ತವಾಗಿ ಮುದ್ರಣಾಲಯದ ಬಾಗಿಲು ಅಗಲವಾಗಿತ್ತು. ಮಂಗಳೂರಿನ ನ್ಯಾಯಾಧೀಶರಾಗಿದ್ದ ಬರ್ನೆಲ್ ಅವರು ದಕ್ಷಿಣ ಭಾರತದ ಪ್ರಾಚೀನ ಲಿಪಿಗಳನ್ನು ಕುರಿತ ಗ್ರಂಥವನ್ನು 1874ರಲ್ಲಿ ಬಾಸೆಲ್ ಮಿಶನ್ನಿನಲ್ಲಿಯೇ ಅಚ್ಚುಹಾಕಿಸಿದರು. ಬ್ರಿಗೆಲರ ತುಳು ವ್ಯಾಕರಣ 1872ರಲ್ಲಿ, ಮೆನ್ನರರ ತುಳು-ಇಂಗ್ಲಿಷ್ ನಿಘಂಟು 1886ರಲ್ಲಿ ಅಲ್ಲಿಂದ ಹೊರಟವು. ಎಲ್ಲಕ್ಕಿಂತ ನಮ್ಮನ್ನು ಬೆರಗುಗೊಳಿಸುವುದು ಬೇರೆ ಒಂದು ಪುಸ್ತಕ. ಯೇಸುಸಭೆಯ ಆಂಜೆಲೊ ಮಾಫೈ ಎಂಬ ಇಟಾಲಿಯನ್ ಪಾದ್ರಿಯು ರಚಿಸಿದ ಕೊಂಕಣಿ ನಿಘಂಟು 1883ರಲ್ಲಿ ಪ್ರಕಟವಾಯಿತು. ಮುದ್ರಿಸಿದ್ದು ಬಾಸೆಲ್ ಮಿಶನ್. ಯೇಸುಸಭೆಯವರು ಮಂಗಳೂರಿಗೆ ಬಂದು ಆಗ ಐದೇ ವರುಷ. ಕಥೋಲಿಕರೂ ಪ್ರೊಟೆಸ್ಟೆಂಟರೂ ವೇದಿಕೆಯ ಮೇಲೆ ಒಟ್ಟಿಗೆ ಕುಳಿತುಕೊಳ್ಳಲು ಇನ್ನೂ ಎಂಬತ್ತು ವರುಷ ಬೇಕಾಗಿದ್ದ ಕಾಲದಲ್ಲಿ ಕೊಂಕಣಿಯ ಪದಗಳು ಪ್ರೊಟೆಸ್ಟೆಂಟರ ಅಚ್ಚುಕೂಟದಲ್ಲಿ ಸಾಲುಗಟ್ಟಿ ನಿಂತವು. ದೈವಶಾಸ್ತ್ರದಲ್ಲಿ ಒಪ್ಪದವರು ಕರಡು ತಿದ್ದುವುದರಲ್ಲಿ ಒಪ್ಪಿದರು. ಅಂದಹಾಗೆ, ಮುದ್ರಣಾಲಯದ ಕೆಲಸಕ್ಕೆಂದು 1851ರಲ್ಲಿ ಬಂದ ಪ್ಲೆಬ್ಸ್ಟ್ ಅವರೇ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದವರು. ಆ ಕಸುಬನ್ನು ಕೆಲವೇ ವರುಷಗಳಲ್ಲಿ ಊರಿನವರು ಕಲಿತು ತಮ್ಮವೇ ಕಾರ್ಖಾನೆಗಳನ್ನು ಹಾಕಿದರು. ಮಂಗಳೂರು ಹಂಚು ಮಿಶನ್ನಿನದೆಂದು ಈಗ ಯಾರೂ ಹೇಳುವುದಿಲ್ಲ.

ಶತಮಾನದ ಉತ್ತರಾರ್ಧದಲ್ಲಿ ಜಾಲವು ಸಭೆ ಸಮ್ಮೇಳನಗಳ ರೂಪವನ್ನು ತಾಳಿತು. 1858ರಲ್ಲಿ ಉದಕಮಂಡಲದಲ್ಲಿ, 1879ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತದ ಮಿಶನರಿಗಳು ಕೂಡಿದರು. ದಪ್ಪ ವರದಿಗಳು ಹೊರಬಂದವು. ಅವುಗಳಲ್ಲಿ ಉಪಯುಕ್ತವಾದ ಅಂಕಿಅಂಶಗಳಿವೆ. ಆದರೂ ‘ಕನ್ನಡ ಸಮಾಚಾರ’ದ ಕಾಲದ ಬಿಸಿ ಅವುಗಳಲ್ಲಿಲ್ಲವೆಂಬುದು ನಮ್ಮ ಅಭಿಪ್ರಾಯ. ಈ ಸಮ್ಮೇಳನಗಳ ಮುಖ್ಯ ಫಲ ಬೇರೆಡೆ ಕಾಣುತ್ತದೆ. 1910ರಲ್ಲಿ ಲಂಡನ್ ಮಿಶನ್, ವೆಸ್ಲಿಯನ್ ಮಿಶನ್ ಮೊದಲಾದವು ಕೂಡಿ ಬೆಂಗಳೂರಿನಲ್ಲಿ ಯುನೈಟೆಡ್ ಥಿಯಲಾಜಿಕಲ್ ಕಾಲೇಜನ್ನು ಸ್ಥಾಪಿಸಿದವು. 1947ರ ಸಭಾ ಐಕ್ಯವನ್ನು ನಾವು ಸಂವಿಧಾನದ ಕಲಮುಗಳಿಂದ ವಿವರಿಸುತ್ತೇವೆ. ಅದಕ್ಕೂ ಮೊದಲು ಮೂರು ತಲೆಮಾರಿನ ಬೋಧಕರು ಒಂದೇ ಸತ್ಯವೇದವನ್ನು ಓದಿ, ಒಂದೇ ನಿಘಂಟನ್ನು ತಿರುವಿಹಾಕಿ ಬೆಳೆದಿದ್ದರೆಂಬುದನ್ನು ಮರೆಯುತ್ತೇವೆ.

ಕೊಡುಕೊಳೆ ನಡೆಯದಿದ್ದ ಕಡೆ ಏನಾಯಿತೆಂಬುದಕ್ಕೆ ನಮ್ಮ ಆರಾಧನಾ ಭಾಷೆಯೇ ಸಾಕ್ಷಿ. ಮೂರು ಮಿಶನ್‌ಗಳ ಸಂತಾನವಾದ ಸಭೆಗಳಲ್ಲಿ ‘ದೀಕ್ಷಾಸ್ನಾನ’ ಎನ್ನುತ್ತಾರೆ. ಕಥೋಲಿಕ ಸಭೆಯಲ್ಲಿ ‘ಜ್ಞಾನಸ್ನಾನ’. ಇವರು ‘ಕರ್ತನು’ ಎಂದಲ್ಲಿ ಅವರು ‘ಪ್ರಭು’ ಎನ್ನುತ್ತಾರೆ. ಮಾಫೈ ಅವರ ನಿಘಂಟನ್ನು ಅಚ್ಚುಹಾಕಿದ ಅದೇ ಊರಿನಲ್ಲಿ ಈ ಎರಡು ಪದಕೋಶಗಳು ಬೀದಿಯ ಎರಡು ಬದಿಗಳಲ್ಲಿ ಬೆಳೆದವು. ಒಂದು ಭಾಷೆಯ ಕ್ರೈಸ್ತರು ಪರಸ್ಪರರ ಪ್ರಾರ್ಥನೆಯನ್ನು ಕೇಳಿದಾಗ ಕ್ಷಣಕಾಲ ತಡವರಿಸುವುದು ದೇವಶಾಸ್ತ್ರದ ಭೇದದಿಂದ ಮಾತ್ರವಲ್ಲ. ಭಾಷಾಂತರದ ಮೇಜಿನ ಸುತ್ತ ಒಟ್ಟಿಗೆ ಕುಳಿತುಕೊಳ್ಳಲಿಲ್ಲವಾದ್ದರಿಂದ.

1914ರ ಯುದ್ಧವು ಬಾಸೆಲ್ ಮಿಶನ್ನಿನ ಜರ್ಮನ್ ಸದಸ್ಯರನ್ನು ಶತ್ರುದೇಶದವರನ್ನಾಗಿ ಮಾಡಿತು. ಅವರು ಬಂಧನಕ್ಕೊಳಗಾಗಿ ದೇಶವನ್ನು ಬಿಟ್ಟರು. ಅವರೊಂದಿಗೆ ಜರ್ಮನ್ ಭಾಷೆಯೂ ನಮ್ಮ ಸಭೆಗಳಿಂದ ಹೋಯಿತು, ಮತ್ತು ಇದರ ಪರಿಣಾಮವನ್ನು ನಾವು ಇಂದಿಗೂ ಅನುಭವಿಸುತ್ತಿದ್ದೇವೆ. ಮಂಗಳೂರಿನ, ಧಾರವಾಡದ ಸಭೆಗಳ ಮೊದಲ ಎಂಬತ್ತು ವರುಷಗಳ ಪತ್ರಗಳೂ ವರದಿಗಳೂ ಹಳೆಯ ಜರ್ಮನ್ ಕೈಬರಹದಲ್ಲಿ ಬಾಸೆಲಿನಲ್ಲಿವೆ. ಬಳ್ಳಾರಿಯ ಪತ್ರಗಳೂ ಮೈಸೂರು ಸೀಮೆಯ ವೆಸ್ಲಿಯನ್ ಪತ್ರಗಳೂ ಲಂಡನ್ನಿನಲ್ಲಿವೆ. ಗುಂಡರ್ಟರ ಸಂಗ್ರಹವು ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿದೆ. ಅದನ್ನು ಸ್ಕ್ಯಾನ್ ಮಾಡಿ 2018ರಲ್ಲಿ ಎಲ್ಲರಿಗೂ ತೆರೆದಿಟ್ಟಿದ್ದಾರೆ. ಮಂಗಳೂರಿನ ಬಲ್ಮಠದಲ್ಲಿ, ಬೆಂಗಳೂರಿನಲ್ಲಿ ಇನ್ನಷ್ಟಿದೆ. ದೂರದಲ್ಲಿರುವುದರ ಪಟ್ಟಿ ಹೀಗೆ ದೊರೆಯುತ್ತದೆ. ಹತ್ತಿರದಲ್ಲಿರುವುದಕ್ಕೆ ಪಟ್ಟಿಯೇ ಇಲ್ಲ. ಹಳೆಯ ಸಭೆಗಳ ದೀಕ್ಷಾಸ್ನಾನದ ದಾಖಲೆ ಪುಸ್ತಕಗಳು, ಉಪದೇಶಿಗಳ ದಿನಚರಿಗಳು, ಅಚ್ಚುಕೂಟದಲ್ಲಿ ದುಡಿದವರ ಮನೆಗಳಲ್ಲಿರುವ ಕಾಗದಗಳು ಇವುಗಳಲ್ಲಿ ‘ಮುನ್ಷಿ’ ಎಂಬ ಪದದ ಹಿಂದಿರುವ ಹೆಸರುಗಳು ಇರುವ ಸಂಭವ ಬಾಸೆಲಿಗಿಂತ ಹೆಚ್ಚು.

1965ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಸೆಮಿನರಿಯೂ ತುಮಕೂರಿನ ಯೂನಿಯನ್ ಕೆನರೀಸ್ ಸೆಮಿನರಿಯೂ ಕೂಡಿ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಆಯಿತು. ಮೂರು ಮಿಶನ್‌ಗಳ ಪರಂಪರೆಗಳು ಬಲ್ಮಠದ ಗುಡ್ಡದ ಮೇಲೆ ಒಂದೇ ಸೂರಿನಡಿ ಸೇರಿದವು. ಅದಾದ ಮೂರೇ ವರುಷಗಳಲ್ಲಿ, 1968ರಿಂದ, ಮದ್ರಾಸ್ ವಿಶ್ವವಿದ್ಯಾಲಯವು ಮರಿಯಪ್ಪ ಭಟ್ಟರು ಪರಿಷ್ಕರಿಸಿದ ಕಿಟೆಲ್ ನಿಘಂಟನ್ನು ನಾಲ್ಕು ಸಂಪುಟಗಳಲ್ಲಿ ಹೊರತರಲು ತೊಡಗಿತು. ರೀವರನ್ನು ಸ್ಯಾಂಡರ್ಸನ್ನರು ತಿದ್ದಿದಂತೆ, ಕಿಟೆಲರನ್ನು ಭಟ್ಟರು ತಿದ್ದಿದರು. ಈ ಸಲ ತಿದ್ದಿದ ಕನ್ನಡ ವಿದ್ವಾಂಸರ ಹೆಸರು ಮುಖಪುಟದ ಮೇಲೆಯೇ ಇತ್ತು.